ಕಪಾಟು ಸೇರಿದ ಮೊಬೈಲ್

ನಾಲ್ಕು ದಿನ ರಜೆ ಬೇಕೆಂದಾಗ ಕಚೇರಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಎಲ್ಲಿಗೆ ಹೊರಟಿರಿ ಮೇಡಂ?" ಎಲ್ಲಿಗೂ ಇಲ್ಲ, ಮನೆಯಲ್ಲೇ ಇರುತ್ತೇನೆ, ಮೊಬೈಲ್ ಬಂದ್ ಮಾಡಿ ಕಪಾಟಿನಲ್ಲಿಡುತ್ತೇನೆ ಎಂದೆ. ನನಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂಬಂತೆ ನೋಡಿದರು. ತುರ್ತು ಏನಾದರೂ ಇದ್ದರೆ ಪಕ್ಕದ ಮನೆಯವರಿಗೆ ಕರೆ ಮಾಡು ಎಂದು ತಮ್ಮನಿಗೆ ಹೇಳಿಟ್ಟೆ.

ಕಾರಣವನ್ನು ಯಾರಿಗೂ ಹೇಳಿರಲಿಲ್ಲ. ಅದಕ್ಕೆ ಎರಡು ವಾರ ಮೊದಲು, ಬೆಳಿಗ್ಗೆ ಎದ್ದು ಮೊಬೈಲ್ ಕೈಗೆತ್ತಿಕೊಂಡರೆ ಪರದೆಯ ಮೇಲೆ ಅಮ್ಮ. ಆಸ್ಪತ್ರೆಯ ಹಾಸಿಗೆ, ಮೂಗಿಗೆ ಆಮ್ಲಜನಕದ ನಳಿಕೆ. ಮೇಲೆ "ಕಳೆದ ವರ್ಷ ಇದೇ ದಿನ" ಎಂಬ ತಲೆಬರಹ, ಹಿಂದೆ ಕುಣಿಯುವಂಥ ಸಂಗೀತ. ಚಿತ್ರಗಳು ಒಂದೊಂದಾಗಿ ಜಾರುತ್ತಾ ಬಂದವು. ವೈದ್ಯರಿಗೆ ತೋರಿಸಲೆಂದು ಅಮ್ಮನ ಊದಿದ ಪಾದದ ಫೋಟೊ ತೆಗೆದಿದ್ದೆ. ಅದೂ ಇತ್ತು, ಬಣ್ಣದ ಚೌಕಟ್ಟಿನೊಳಗೆ.

ಇದು ಹೇಗೆ ನಡೆಯುತ್ತದೆ ಎಂಬುದು ನನಗೆ ಗೊತ್ತು. ಪ್ರತಿ ಫೋಟೊದ ಒಡಲಲ್ಲೇ ಅದನ್ನು ತೆಗೆದ ದಿನ, ಗಂಟೆ, ಎಷ್ಟೋ ಸಲ ಜಾಗವೂ ದಾಖಲಾಗಿರುತ್ತದೆ. ಮುಖವನ್ನು ಸಂಖ್ಯೆಗಳ ಸಾಲಾಗಿ ಮಾರ್ಪಡಿಸಿ, ಸಂಖ್ಯೆಗಳು ಹತ್ತಿರವಿರುವ ಮುಖಗಳನ್ನು ಒಬ್ಬರದೇ ಎಂದು ಯಂತ್ರ ಒಟ್ಟುಗೂಡಿಸುತ್ತದೆ. ತಾರೀಖು ತಿರುಗಿ ಬಂದಾಗ ಮುಂದಿಡುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ನನ್ನನ್ನು ಹೆಚ್ಚು ಕಲಕಿದ್ದೂ ಅದೇ. ಇಂಥ ತಪ್ಪನ್ನು ಮನುಷ್ಯರು ಮಾಡಿದ್ದರೆ ನನ್ನ ಮುಖ ಕಂಡಾದರೂ ಮಾತು ನಿಲ್ಲಿಸುತ್ತಿದ್ದರು. ಅಮ್ಮನನ್ನು ಯಾವಾಗ ನೆನೆಯಬೇಕು, ಅವಳ ಯಾವ ಮುಖ ಮೊದಲು ಕಣ್ಣಿಗೆ ಬೀಳಬೇಕು ಎಂಬುದನ್ನು ನನಗರಿವಿಲ್ಲದೆಯೇ ಬಿಟ್ಟುಕೊಟ್ಟಿದ್ದೆ.

ಮೊದಲ ದಿನ ಕಷ್ಟವಾಯಿತು. ನಿಂತರೆ, ಕೂತರೆ, ಕಿಟಕಿಯ ಬಳಿ ಹೋದರೆ ಕೈ ತಾನಾಗಿಯೇ ಮೊಬೈಲ್ ಇರುತ್ತಿದ್ದ ಜಾಗವನ್ನು ಹುಡುಕುತ್ತಿತ್ತು. ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ನೆನಪಾದವು. ಗುಂಡಿ ಕುಟುಕಿದಾಗ ಯಾವಾಗ ಕಾಳು ಬೀಳುತ್ತದೆಂದು ಗೊತ್ತಿಲ್ಲದಿದ್ದರೆ ಹಕ್ಕಿ ಕುಟುಕುತ್ತಲೇ ಇರುತ್ತದೆ, ಕಾಳು ನಿಂತ ಮೇಲೂ ಬೇಗ ಬಿಡುವುದಿಲ್ಲ. ಕೊನೆಯೇ ಇಲ್ಲದೆ ಕೆಳಕ್ಕೆ ಸರಿಯುವ ಪುಟವನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಆಮೇಲೆ ಅದಕ್ಕಾಗಿ ಬಹಿರಂಗವಾಗಿ ವಿಷಾದಿಸಿದ್ದಾರೆ. ಪುಸ್ತಕದಲ್ಲಿ ಅಧ್ಯಾಯ ಮುಗಿಯುತ್ತದೆ, ಪತ್ರಿಕೆಯಲ್ಲಿ ಕೊನೆಯ ಪುಟ ಬರುತ್ತದೆ. ಸಾಕು ಎನ್ನಲು ಅಲ್ಲೊಂದು ಜಾಗ ಸಿಗುತ್ತದೆ. ಇಲ್ಲಿ ಅದನ್ನೇ ತೆಗೆದುಹಾಕಿದ್ದಾರೆ. ಈ ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ.

ಎರಡನೆಯ ದಿನ ಹೆಚ್ಚು ಮಲಗಿದೆ.

ಮೂರನೆಯ ದಿನ ತಮ್ಮನ ಜೊತೆ ಮಾತನಾಡಬೇಕೆನಿಸಿತು. ಪಕ್ಕದ ಮನೆಯವರ ಫೋನ್ ಕೇಳಿ ಪಡೆದು ಕೈಯಲ್ಲಿ ಹಿಡಿದವಳು ಹಾಗೇ ನಿಂತೆ. ಅವನ ನಂಬರ್ ನನಗೆ ಗೊತ್ತಿರಲಿಲ್ಲ. ವರ್ಷಗಟ್ಟಲೆ ವಾರಕ್ಕೆರಡು ಸಲ ಮಾತನಾಡಿದವನ ಹತ್ತು ಅಂಕಿಗಳಲ್ಲಿ ಮೊದಲ ಎರಡಷ್ಟೇ ಬಾಯಿಗೆ ಬಂದವು. ಎಂದೋ ಕಡಿದುಹೋದ ನಮ್ಮ ಹಳೆಯ ಮನೆಯ ಸ್ಥಿರ ದೂರವಾಣಿಯ ಸಂಖ್ಯೆ ಮಾತ್ರ ತಡವರಿಸದೆ ಬಂತು.

ಆಗ ನೆನಪಾದದ್ದು ಅಮ್ಮನ ನಂಬರಿನ ಪುಸ್ತಕ. ಅವಳ ಬಟ್ಟೆಗಳ ಅಡಿಯಲ್ಲಿ ಸಿಕ್ಕಿತು. ಅಂಗೈಯಗಲ, ರಟ್ಟು ಹರಿದು ಹಳೆಯ ಕ್ಯಾಲೆಂಡರಿನ ಹಾಳೆ ಅಂಟಿಸಿದ್ದಳು. ತೀರಿಕೊಂಡವರ ಹೆಸರನ್ನು ಅವಳು ಹೊಡೆದುಹಾಕಿರಲಿಲ್ಲ, ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಚುಕ್ಕೆ ಇಟ್ಟಿದ್ದಳು. ನನ್ನ ಹೆಸರಿನ ಮುಂದೆ ನಾಲ್ಕು ನಂಬರುಗಳು. ಕೆಲಸ ಬದಲಿಸಿದಾಗ, ಮನೆ ಬದಲಿಸಿದಾಗ, ಪ್ರತಿ ಸಲವೂ ಹಳೆಯದರ ಮೇಲೆ ಗೆರೆ ಎಳೆದು ಕೆಳಗೆ ಹೊಸದನ್ನು ಬರೆದಿದ್ದಳು. ಮೊದಲಿನ ಅಂಕಿಗಳು ದುಂಡಗೆ, ಒತ್ತಿ ಬರೆದವು. ಕೊನೆಯ ಸಾಲಿನಲ್ಲಿ ಕೈ ನಡುಗಿದೆ, ಏಳು ಒಂದಾಗಿ ಕಾಣುತ್ತದೆ.

ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಆಸ್ಪತ್ರೆಯ ಮುಖ ಬರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, "ನಿಧಾನವಾಗಿ ಹೇಳೇ, ಬರೆದುಕೊಳ್ಳುತ್ತಿದ್ದೇನೆ" ಎನ್ನುತ್ತಿದ್ದ ಅಮ್ಮ ಬಂದಳು. ಆ ಭಂಗಿಯ ಒಂದು ಫೋಟೊವೂ ನನ್ನ ಬಳಿ ಇಲ್ಲ.

ಪುಸ್ತಕದಲ್ಲಿ ತಮ್ಮನದೂ ಮೂರು ನಂಬರುಗಳಿದ್ದವು, ಆದರೆ ಅಮ್ಮ ಹೋದ ಮೇಲೆ ಅವನು ಮತ್ತೊಮ್ಮೆ ಬದಲಿಸಿದ್ದ. ನಾಲ್ಕನೆಯ ದಿನ ಸಂಜೆ ಕಪಾಟು ತೆರೆದು ಮೊಬೈಲ್ ಚಾಲೂ ಮಾಡಿದೆ. ಅದು ನಡುಗುತ್ತಲೇ ಇತ್ತು. ಬಂದ ಸಂದೇಶಗಳನ್ನು ತೆರೆಯಲಿಲ್ಲ. ಅಮ್ಮ ಬರೆದಿದ್ದ ಮೂರನೆಯ ಸಾಲಿನ ಮೇಲೆ ಗೆರೆ ಎಳೆದು, ಕೆಳಗೆ ನನ್ನ ಕೈಯಿಂದ ಅವನ ಹೊಸ ನಂಬರನ್ನು ಒತ್ತಿ, ಏಳನ್ನು ಏಳಾಗಿಯೇ ಕಾಣುವಂತೆ ಬರೆದೆ.