ನನಗೆ ಸೊನ್ನೆ ಟಿಕೆಟ್, ಕೆಂಪಿಗೆ ಹಾಫ್ ಟಿಕೆಟ್

"ನಾಯಿ ಸಾಕಿದ್ಮೇಲೆ ಎಲ್ಲೂ ಹೋಗೋಕೇ ಆಗಲ್ಲ ಅಲ್ವಾ?" ಆಫೀಸಿನಲ್ಲಿ ಕೇಳುತ್ತಾರೆ, ಮದುವೆಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ, ಪಕ್ಕದ ಮನೆ ಆಂಟಿ ವಾರಕ್ಕೊಮ್ಮೆ ಕೇಳುತ್ತಾರೆ. ದನಿಯಲ್ಲಿ ಒಂಚೂರು ಅಯ್ಯೋ ಪಾಪ ಇರುತ್ತದೆ. ಪಾಪ ನಾನೋ ನಾಯಿಯೋ, ಗೊತ್ತಾಗುವುದಿಲ್ಲ.

ಹೋಗುತ್ತೇವೆ. ಮೊದಲಿಗಿಂತ ಜಾಸ್ತಿಯೇ ಹೋಗುತ್ತೇವೆ. ಎಲ್ಲಿಗೆ, ಯಾವುದರಲ್ಲಿ, ಎಷ್ಟು ಹೊತ್ತಿಗೆ ಅನ್ನುವುದು ಮಾತ್ರ ಈಗ ನನ್ನ ಕೈಯಲ್ಲಿಲ್ಲ.

ಕೆಂಪಿ ಬೀದಿಯಲ್ಲಿ ಸಿಕ್ಕಿದ ಹೆಣ್ಣುನಾಯಿ. 5 ವರ್ಷ, 16 ಕೆಜಿ, ಇಟ್ಟಿಗೆ ಬಣ್ಣ. ಹೆಸರು ಕೇಳಿದಾಗ ಅಮ್ಮ "ಅದು ದನಕ್ಕಿಡೋ ಹೆಸರಲ್ವೇನೇ ಮಾರಾಯ್ತಿ" ಅಂದಿದ್ದಳು. ಈಗ ಅವಳೇ ಹತ್ತು ಸಲ ಕೂಗುತ್ತಾಳೆ.

ನಾವಿರುವುದು ಹನುಮಂತನಗರದಲ್ಲಿ. ಲಾಲ್‌ಬಾಗ್ ಹತ್ತಿರವೇ ಇದೆ, ಆದರೆ ಅಲ್ಲಿ ನಾಯಿ ಬಿಡುವುದಿಲ್ಲ. ಮೆಟ್ರೋದಲ್ಲೂ ಬಿಡುವುದಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ಆಟೋ ಹಿಡಿದು ಕಬ್ಬನ್ ಪಾರ್ಕಿಗೆ. ಅವತ್ತು ಒಳಗಿನ ರಸ್ತೆಗಳಲ್ಲಿ ಗಾಡಿಗಳ ಓಡಾಟ ಇರುವುದಿಲ್ಲ. ನಾಯಿಗಳಿಗೇ ಅಂತ ಬೇಲಿ ಹಾಕಿದ ಒಂದು ಜಾಗವೂ ಇದೆ. ಕೆಂಪಿಗೆ ಅದು ಸೇರುವುದಿಲ್ಲ. ಗೋಲ್ಡನ್ ರಿಟ್ರೀವರ್‌ಗಳು ಪ್ರೀತಿಯಿಂದ ಮೈಮೇಲೆ ಬೀಳುತ್ತವೆ, ಇವಳು ನನ್ನ ಕಾಲ ಸಂದಿಗೆ ಸೇರಿಕೊಳ್ಳುತ್ತಾಳೆ. ಅವಳಿಗೆ ಬೇಕಾದದ್ದು ಬಿದಿರುಮೆಳೆಯ ಕೆಳಗಿನ ತರಗೆಲೆ. ಅರ್ಧ ಗಂಟೆ ಅಲ್ಲೇ ಮೂಸುತ್ತಾಳೆ, ನಾನು ಸುಮ್ನೆ ನಿಂತಿರುತ್ತೇನೆ.

ಉಳಿದ ದಿನ ಬೆಳಿಗ್ಗೆ ಎರಡು ಕ್ರಾಸ್, ಸಂಜೆ ಎರಡು ಕ್ರಾಸ್. ಏಪ್ರಿಲಿನಲ್ಲಿ ಸಂಜೆ ಐದಕ್ಕೂ ಟಾರು ಕಾದಿರುತ್ತದೆ. ಅಂಗೈ ಹಿಂಭಾಗವನ್ನು ರಸ್ತೆಯ ಮೇಲಿಟ್ಟು ಐದು ಸೆಕೆಂಡ್ ತಡೆಯಲಾಗದಿದ್ದರೆ ಅವಳ ಪಾದಕ್ಕೂ ಆಗುವುದಿಲ್ಲ ಅಂತ ಲೆಕ್ಕ.

ಇನ್ನು ಊರು. ನಮ್ಮ ಮನೆ ಸಾಗರದ ಹತ್ತಿರ. ಮೊದಲು ರೈಲು ವಿಚಾರಿಸಿದೆ. ನಾಯಿಯನ್ನು ಜೊತೆಗೇ ಇಟ್ಟುಕೊಳ್ಳಬೇಕಾದರೆ ಫಸ್ಟ್ ಎಸಿಯಲ್ಲಿ ಎರಡು ಬರ್ತಿನ ಕೂಪೆಯನ್ನೋ ನಾಲ್ಕು ಬರ್ತಿನ ಕ್ಯಾಬಿನ್ನನ್ನೋ ಪೂರ್ತಿ ನಾವೇ ಹಿಡಿಯಬೇಕು. ಸ್ಲೀಪರ್, ಸೆಕೆಂಡ್ ಎಸಿ, ಥರ್ಡ್ ಎಸಿಯಲ್ಲಿ ಅವಕಾಶ ಇಲ್ಲ. ಬೇಡ ಅಂದರೆ ಗಾರ್ಡ್ ಡಬ್ಬಿಯಲ್ಲಿರುವ ನಾಯಿಪೆಟ್ಟಿಗೆ. ರಾತ್ರಿಯಿಡೀ ಅಲ್ಲಿ ಒಬ್ಬಳೇ. ಕೂಪೆಗೆ ದುಡ್ಡಿಲ್ಲ, ಪೆಟ್ಟಿಗೆಗೆ ಮನಸ್ಸಿಲ್ಲ.

ಉಳಿದದ್ದು ಕೆಂಪು ಬಸ್ಸು. ಬಹಳ ಜನಕ್ಕೆ ಗೊತ್ತಿಲ್ಲ, ಕೆಎಸ್‌ಆರ್‌ಟಿಸಿಯ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ನಾಯಿಯನ್ನು ಕರೆದುಕೊಂಡು ಹೋಗಬಹುದು. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಲ್ಲಿ ಆಗುವುದಿಲ್ಲ. ಮೊದಲು ನಾಯಿಗೂ ದೊಡ್ಡವರ ಪೂರ್ತಿ ಟಿಕೆಟ್ ಇತ್ತು, 2022ರಲ್ಲಿ ಅರ್ಧಕ್ಕಿಳಿಸಿದರು. ಮರುವರ್ಷ ಜೂನಿನಲ್ಲಿ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಉಚಿತ ಇರುವುದೂ ಇಂಥ ಬಸ್ಸುಗಳಲ್ಲೇ. ಹಾಗಾಗಿ ನನಗೆ ಸೊನ್ನೆ ಟಿಕೆಟ್, ಕೆಂಪಿಗೆ ಹಾಫ್ ಟಿಕೆಟ್.

ಮೊದಲ ಸಲ ಕಂಡಕ್ಟರ್ ನನ್ನ ಆಧಾರ್ ನೋಡಿ, ಸೀಟಿನ ಕೆಳಗೆ ಬಗ್ಗಿದರು.

"ಗಂಡೋ ಹೆಣ್ಣೋ?"

"ಹೆಣ್ಣು."

"ಮತ್ತೆ ಇವರ ಆಧಾರ್ ಎಲ್ಲಿ ಮೇಡಂ?"

ಹಿಂದಿನ ಸೀಟಿನ ಅಜ್ಜಿ "ಹೆಣ್ಣಲ್ವೇನಪ್ಪಾ, ಫ್ರೀ ಬಿಡು" ಅಂತ ವಾದಕ್ಕೇ ಇಳಿದರು. ಕಂಡಕ್ಟರ್ ನಕ್ಕರು, ಹಾಫ್ ಟಿಕೆಟ್ ಮಾತ್ರ ಹರಿದೇ ಕೊಟ್ಟರು.

ಎಲ್ಲ ಸಲವೂ ಹೀಗೆ ನಗು ಇರುವುದಿಲ್ಲ. ಒಮ್ಮೆ ಪಕ್ಕದಲ್ಲಿ ಕೂತ ಹುಡುಗ ಕೆಂಪಿಯನ್ನು ನೋಡಿ ನಡುಗಿಬಿಟ್ಟ. ಚಿಕ್ಕವನಿದ್ದಾಗ ನಾಯಿ ಕಚ್ಚಿತ್ತಂತೆ. ನಾನೇ ಇಳಿದು ಮುಂದಿನ ಬಸ್ಸು ಹಿಡಿದೆ. "ನಮ್ದು ಏನೂ ಮಾಡಲ್ಲ" ಅನ್ನುವ ನಾಯಿ ಸಾಕಿದವರ ಮಾತು ನನಗೆ ಆಗಿಬರುವುದಿಲ್ಲ. ಏನೂ ಮಾಡಲ್ಲ ಅಂತ ಗೊತ್ತಿರುವುದು ನಮಗೆ, ಅವರಿಗಲ್ಲವಲ್ಲ. ಹಾಗಾಗಿ ಬಸ್ಸಿನಲ್ಲಿ ಎತ್ತಿಗೆ ಕಟ್ಟುವಂತೆ ಅವಳಿಗೂ ಬಾಯಿಕುಕ್ಕೆ. ಒಳಗೆ ಬಾಯಿ ತೆರೆದು ಏದುಸಿರು ಬಿಡುವಷ್ಟು ಜಾಗ ಇರುವಂಥದ್ದೇ ಬೇಕು. ಮೈ ತಣ್ಣಗಾಗಲು ನಾಯಿಗಿರುವ ಮುಖ್ಯ ದಾರಿ ಅದೊಂದೇ. ಹೊರಡುವ ಮೊದಲು ನಾಲ್ಕು ಗಂಟೆ ಊಟ ಇಲ್ಲ, ನೀರು ಮಾತ್ರ. ಚೀಲದಲ್ಲಿ ಹಳೇ ಬೆಡ್‌ಶೀಟ್ ಮತ್ತು ರೇಬಿಸ್ ಲಸಿಕೆ ಬರೆದ ಪುಸ್ತಕ.

ಒಂದೇ ಬಸ್ಸಿನಲ್ಲಿ ಶಿವಮೊಗ್ಗದ ತನಕ ಹೋಗುವುದಿಲ್ಲ. ಅವಳಿಗೆ ತಡೆಯುವುದಿಲ್ಲ. ತಿಪಟೂರಿನಲ್ಲಿ ಇಳಿದು ಸ್ಟ್ಯಾಂಡಿನ ಹೊರಗೆ ಒಂದು ಎಳನೀರು, ನೀರು ನನಗೆ, ಒಳಗಿನ ಗಂಜಿ ಅವಳಿಗೆ. ಆಮೇಲೆ ಕಡೂರು. ಅಲ್ಲಿ ಒಂದು ಬೇವಿನ ಮರ, ಅದರ ಬುಡದಲ್ಲಿ ಅವಳ ಕೆಲಸ. ಆಮೇಲೆ ಶಿವಮೊಗ್ಗ, ಆಮೇಲೆ ಸಾಗರ. ಬೆಳಿಗ್ಗೆ ಆರಕ್ಕೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ. ಹತ್ತು ವರ್ಷ ಇದೇ ದಾರಿಯನ್ನು ರಾತ್ರಿ ಸ್ಲೀಪರಿನಲ್ಲಿ ಹೊದ್ದು ಮಲಗಿ ಕಳೆದಿದ್ದೇನೆ. ತಿಪಟೂರಿನಲ್ಲಿ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಈಗ ಎಳನೀರಿನವರು ದೂರದಿಂದಲೇ "ಗಂಜಿ ಇರೋದು ಕೊಡ್ಲಾ?" ಅನ್ನುತ್ತಾರೆ.

ಊರಿಗೆ ಹೋದ ಮೇಲೆ ಚಿಂತೆ ಬೇರೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಪಕ್ಕದ ಸೊರಬ ತಾಲ್ಲೂಕಿನಲ್ಲೇ ಇದೆ. ಅದು ಹರಡುವುದು ಉಣುಗಿನಿಂದ, ಅಂದರೆ ಉಣ್ಣೆಹುಳದಿಂದ. ಡಿಸೆಂಬರಿನಿಂದ ಮೇ ತನಕ ಅದರ ಕಾಟ ಜಾಸ್ತಿ. ಆ ತಿಂಗಳುಗಳಲ್ಲಿ ಕೆಂಪಿಗೆ ಅಂಗಳ ಮತ್ತು ತೋಟ ಅಷ್ಟೇ, ತೋಟಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನ ಬೆಟ್ಟಕ್ಕೆ ಬಿಡುವುದಿಲ್ಲ. ಉಣುಗು ಅವಳ ಮೈಮೇಲೆ ಕೂತು ಮನೆಯೊಳಗೆ ಬಂದುಬಿಟ್ಟರೆ? ದಿನಾ ಸಂಜೆ ಕಿವಿಯೊಳಗೆ, ಬೆರಳ ಸಂದಿ, ಬಾಲದ ಬುಡ ಎಲ್ಲ ಬಿಡಿಸಿ ನೋಡುತ್ತೇವೆ.

ಮಳೆಗಾಲದಲ್ಲಿ ನೆಲದ ಮೇಲಿನ ಜಿಗಣೆ, ಇಂಬಳ. ಅದು ಹತ್ತಿದರೆ ಕಿತ್ತೆಸೆದರಾಯಿತು. ಹೋದ ವರ್ಷ ಹಳ್ಳದ ನೀರು ಕುಡಿಯುವಾಗ ಮೂಗಿನೊಳಗೆ ನೀರಿನ ಜಿಗಣೆಯೇ ಹೊಕ್ಕಿತ್ತು. ಎರಡು ದಿನ ಸೀನು, ಮೂಗಲ್ಲಿ ರಕ್ತ. ನಾನು ಡಾಕ್ಟರ ನಂಬರ್ ಹುಡುಕುತ್ತಿದ್ದರೆ ಅಮ್ಮ ಒಂದು ಬಟ್ಟಲಲ್ಲಿ ತಣ್ಣೀರು ತಂದು ಕೆಂಪಿಯ ಮೂತಿಯ ಕೆಳಗಿಟ್ಟು ಕೂತಳು. ಕಾಲು ಗಂಟೆ ಕಳೆದಿರಬೇಕು. ನೀರಿನ ಆಸೆಗೆ ಜಿಗಣೆ ಮೆಲ್ಲಗೆ ತಲೆ ಹೊರಗೆ ಹಾಕಿತು. ಅಮ್ಮ ಬಟ್ಟೆಯಲ್ಲಿ ಹಿಡಿದು ಎಳೆದಳು.

ಹೋಗಲಾಗದ ಜಾಗಗಳೂ ಇವೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ನಾಯಿ ಒಯ್ಯುವಂತಿಲ್ಲ. ಅದು ಸರಿಯೇ, ನಮ್ಮ ನಾಯಿಯ ರೋಗ ಅಲ್ಲಿನ ಸೀಳುನಾಯಿಗೆ ತಗುಲಬಾರದು.

ಕಾಶಿಯದ್ದು ಮಾತ್ರ ಈಗಲೂ ಚುಚ್ಚುತ್ತದೆ. ಅಮ್ಮನನ್ನು ನಾನೇ ಕರೆದುಕೊಂಡು ಹೋಗುತ್ತೇನೆ ಅಂದಿದ್ದೆ, ಹತ್ತು ದಿನ. ಕೆಂಪಿಯನ್ನು ನಾಯಿ ನೋಡಿಕೊಳ್ಳುವ ಕಡೆ ಒಂದು ರಾತ್ರಿ ಬಿಟ್ಟು ನೋಡಿದೆ. ಅವಳು ಅನ್ನ ಮುಟ್ಟಲಿಲ್ಲ. ಕೊನೆಗೆ ಅಮ್ಮ ತಮ್ಮನ ಜೊತೆ ಹೋಗಿಬಂದಳು, ಒಂದು ಮಾತೂ ಆಡಲಿಲ್ಲ. ತಂದ ಕಾಶಿದಾರದಲ್ಲಿ ಒಂದನ್ನು ನನ್ನ ಕೈಗೆ ಕಟ್ಟಿದಳು, ಇನ್ನೊಂದನ್ನು ಕೆಂಪಿಯ ಬೆಲ್ಟಿಗೆ. ಎರಡೇ ದಿನಕ್ಕೆ ಕೆಂಪಿ ಅದನ್ನು ಅಗಿದು ಹಾಕಿದಳು. ನನ್ನದೂ ಅರ್ಧ ಹೋಗಿದೆ.