ಕ್ಷೌರದ ಕತ್ತಿಗೆ ಪೇಸ್ಟ್: ಯಾವುದು, ಎಷ್ಟು, ಎಲ್ಲಿ ನಿಲ್ಲಿಸಬೇಕು

ಪೇಸ್ಟ್ ಎಂದರೆ ಹಲಗೆಗೆ ಹಚ್ಚಿ, ಅದರ ಮೇಲೆ ಕತ್ತಿ ಎಳೆದು ತುದಿಯನ್ನು ಇನ್ನಷ್ಟು ಹರಿತ ಮಾಡುವ ಸಣ್ಣ ಕಣಗಳ ಲೇಪ. ಸಾಣೆಕಲ್ಲಿನ ಕೆಲಸ ಮುಗಿಯದ ಕತ್ತಿಗೆ ಯಾವ ಪೇಸ್ಟ್ ಬಳಸಿದರೂ ವ್ಯರ್ಥ. ಕತ್ತಿಯ ಬಾಯಲ್ಲಿ (ಹರಿತ ಅಂಚಿನಲ್ಲಿ) ಕಚ್ಚು ಬಿದ್ದಿದ್ದರೆ, ಎರಡೂ ಮಗ್ಗುಲಿನ ಇಳಿಜಾರು ತುದಿಯಲ್ಲಿ ಪೂರ್ತಿ ಕೂಡಿರದಿದ್ದರೆ, 1000ದ ಕಲ್ಲಿಗೇ ವಾಪಸ್ ಹೋಗಬೇಕು (ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ). ಅಲ್ಲಿಂದ 4000, 8000, ಇದ್ದರೆ 12000. 8000ದ ಕಲ್ಲಿನಿಂದ ಎತ್ತಿದ ಕತ್ತಿ ಹಿಡಿಯ ಕಡೆಯಿಂದ ಮೊನೆಯವರೆಗೆ ಎಲ್ಲಿ ಇಟ್ಟರೂ ಮುಂಗೈ ಕೂದಲನ್ನು ಸಲೀಸಾಗಿ ತೆಗೆಯಬೇಕು. ಪೇಸ್ಟಿನ ಕೆಲಸ ಶುರುವಾಗುವುದು ಆಮೇಲೆ: ಕಲ್ಲು ಬಿಟ್ಟ ಗೀರುಗಳನ್ನು ಇನ್ನಷ್ಟು ಸಣ್ಣದು ಮಾಡಿ, ತುದಿಯನ್ನು ಒಂದು ಹದ ಮೇಲಕ್ಕೆ ತರುವುದು. ಸಲೂನಿನ ಉಸ್ತ್ರಾದಲ್ಲಿ ಅರ್ಧ ಬ್ಲೇಡು ಬದಲಾಯಿಸುತ್ತಾರಾದ್ದರಿಂದ ಅದಕ್ಕೆ ಇದು ಬೇಕಿಲ್ಲ. ನಾನು ಹೇಳುತ್ತಿರುವುದು ಜರ್ಮನಿಯ ಜೋಲಿಂಗನ್, ಇಂಗ್ಲೆಂಡಿನ ಶೆಫೀಲ್ಡ್, ಫ್ರಾನ್ಸಿನ ತಿಯೇರ್ ಊರುಗಳಲ್ಲಿ ಮಾಡುತ್ತ ಬಂದ, ಮತ್ತೆ ಮತ್ತೆ ಮಸೆದು ಬಳಸುವ ಮಡಚು ಕತ್ತಿಯ ವಿಷಯ.

ಹೆಚ್ಚಾಗಿ ಬಳಕೆಯಲ್ಲಿರುವುದು ಮೂರು. ಹಸಿರು ಬಣ್ಣದ ಕ್ರೋಮಿಯಂ ಆಕ್ಸೈಡ್, ಕಣದ ಗಾತ್ರ ಸಾಮಾನ್ಯವಾಗಿ 0.5 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಭಾಗ). ಕೆಂಪು ಕಬ್ಬಿಣದ ಆಕ್ಸೈಡ್, ಅದಕ್ಕಿಂತ ಮೃದು, ನಿಧಾನ. ವಜ್ರದ ಪೇಸ್ಟ್ 1, 0.5, 0.25, 0.1 ಮೈಕ್ರಾನ್‌ಗಳಲ್ಲಿ ಸಿಗುತ್ತದೆ. ಎಲ್ಲಕ್ಕಿಂತ ಬೇಗ ಉಕ್ಕನ್ನು ಸವೆಸುತ್ತದೆ. ವಜ್ರದ ಪೇಸ್ಟಿನಲ್ಲಿ ಹದ ಮಾಡಿದ ತುದಿ ಬಹಳ ಹರಿತ, ಆದರೆ ಸೂಕ್ಷ್ಮ ಚರ್ಮದವರಿಗೆ ಉರಿಯುತ್ತದೆ. ಒಂದೇ ಒಂದು ಕೊಳ್ಳುವವರಿಗೆ ನಾನು ಹಸಿರನ್ನೇ ಹೇಳುತ್ತೇನೆ. ಬಣ್ಣ ನೋಡಿ ಮಾತ್ರ ಕೊಳ್ಳಬೇಡಿ. ಜರ್ಮನಿಯ ಕತ್ತಿ ತಯಾರಕ ಡೋವೊ ಕಂಪನಿಯ ಕೆಂಪು ಪೇಸ್ಟ್ ಅದರದೇ ಕಪ್ಪಿಗಿಂತ ಒರಟು, ಕಬ್ಬಿಣದ ಆಕ್ಸೈಡಿನ ಕೆಂಪೋ ತೀರ ನಯ. ಪಾಲಿಶ್ ಅಂಗಡಿಯ ಅಗ್ಗದ ಹಸಿರು ಕಡ್ಡಿಗಳಲ್ಲಿ ಅಲ್ಯೂಮಿನಿಯಂ ಆಕ್ಸೈಡಿನ ದಪ್ಪ ಕಣ ಬೆರೆತಿರಬಹುದು. ಅಡುಗೆ ಚಾಕುವಿಗೆ ಅದು ಸಾಕು, ಮುಖಕ್ಕೆ ಬೇಡ. ಮೈಕ್ರಾನ್ ಅಳತೆ ಬರೆದಿರುವುದನ್ನೇ ತನ್ನಿ.

ಪೇಸ್ಟ್ ಯಾವುದರ ಮೇಲೆ ಕೂರುತ್ತದೆ ಅನ್ನುವುದು ಪೇಸ್ಟಿನಷ್ಟೇ ಮುಖ್ಯ. ಕತ್ತಿ ಎಳೆದು ಹದ ಮಾಡುವ, ನೇತುಹಾಕುವ ತೊಗಲಿನ ಪಟ್ಟಿ ಸ್ವಲ್ಪ ಸಡಿಲವಾದರೂ ಬಾಗುತ್ತದೆ, ಬಾಗಿದ ತೊಗಲು ಬಾಯಿಯನ್ನು ಸುತ್ತಿಕೊಂಡು ಉಜ್ಜುತ್ತದೆ, ತುದಿ ದುಂಡಗಾಗುತ್ತದೆ. ಬರಿ ತೊಗಲಿನಲ್ಲಿ ಇದು ಅಷ್ಟು ಹಾನಿ ಮಾಡದು. ಪೇಸ್ಟ್ ಇದ್ದಾಗ ಪ್ರತಿ ಎಳೆತಕ್ಕೂ ಲೋಹ ಹೋಗುತ್ತಿರುತ್ತದೆ. ಆದ್ದರಿಂದ ಸಮತಟ್ಟಾದ, ಗಟ್ಟಿಯಾದ ತಳ ಬೇಕು. ಬಾಲ್ಸಾ ಮರದ ಹಲಗೆ ಅತ್ಯುತ್ತಮ: 300 ಮಿ.ಮೀ. ಉದ್ದ, 75 ಮಿ.ಮೀ. ಅಗಲ. ದಪ್ಪ ಗಾಜಿನ ಮೇಲೆ ಮರಳು ಕಾಗದ ಅಂಟಿಸಿ, ಹಲಗೆಯ ಮೇಲೆ ಪೆನ್ಸಿಲ್ ಗೆರೆ ಎಳೆದು, ಗೆರೆಗಳೆಲ್ಲ ಅಳಿಯುವವರೆಗೆ ಉಜ್ಜಿದರೆ ಸಮತಟ್ಟಾಯಿತು ಎಂದರ್ಥ. ಪುಡಿಯನ್ನು ಚೆನ್ನಾಗಿ ಒರೆಸಿ ತೆಗೆಯಿರಿ. ಒಂದು ಮರಳಿನ ಕಣ ಉಳಿದರೂ ಅದು ಕತ್ತಿಯ ಬಾಯಿಗೇ ಬರುತ್ತದೆ.

ಹಚ್ಚುವ ಪ್ರಮಾಣದಲ್ಲಿ ಎಲ್ಲರೂ ಕೈ ಜೋರು ಮಾಡುತ್ತಾರೆ. ಕಡ್ಡಿಯ ರೂಪದ ಪೇಸ್ಟಾದರೆ ಹಲಗೆಯ ಮೇಲೆ ಹಗುರವಾಗಿ ನಾಲ್ಕೈದು ಗೆರೆ. ವಜ್ರದ ಪೇಸ್ಟಾದರೆ ಸಾಸಿವೆ ಕಾಳಿನಷ್ಟು ಐದಾರು ಚುಕ್ಕೆ, ಜೊತೆಗೆ ಒಂದು ಹನಿ ಮಿನರಲ್ ಎಣ್ಣೆ. ಬೆರಳಿನಿಂದ ಬಿಸಿಯಾಗುವಷ್ಟು ತಿಕ್ಕಿ ಮರದೊಳಕ್ಕೆ ಇಳಿಸಿ, ಮೇಲೆ ಉಳಿದದ್ದನ್ನು ಟಿಶ್ಯೂನಿಂದ ಒರೆಸಿಬಿಡಿ. ಮರಕ್ಕೆ ಬಣ್ಣ ಹತ್ತಿದ್ದರೆ ಸಾಕು, ಕೈಗೆ ಪದರ ಸಿಗಬಾರದು. ದಪ್ಪ ಪದರವಿದ್ದರೆ ಬಾಯಿ ಅದರೊಳಗೆ ಹೂತು ಉಜ್ಜುತ್ತದೆ. ಆಗಲೂ ತುದಿ ದುಂಡಗಾಗುವುದೇ. ಒಂದು ಹಲಗೆಗೆ ಒಂದೇ ಪೇಸ್ಟ್, ಹಿಂಬದಿಯಲ್ಲಿ ಹೆಸರು, ಮೈಕ್ರಾನ್ ಬರೆದಿಡಿ.

ಎಳೆಯುವಾಗ ಕತ್ತಿಯ ಬೆನ್ನು (ಬಾಯಿಯ ಎದುರಿನ ದಪ್ಪ ಅಂಚು) ಮುಂದೆ, ಬಾಯಿ ಹಿಂದೆ. ಬೆನ್ನೂ ಬಾಯಿಯೂ ಎರಡೂ ಹಲಗೆಗೆ ತಾಗಿರಬೇಕು. ಕೊನೆಯಲ್ಲಿ ಮೊದಲು ನಿಲ್ಲಿಸಿ, ಬೆನ್ನಿನ ಮೇಲೆ ಹೊರಳಿಸಿ, ಆಮೇಲೆ ವಾಪಸ್ ಎಳೆಯಿರಿ. ಚಲಿಸುತ್ತಿರುವಾಗಲೇ ತಿರುಗಿಸಿದರೆ ಬಾಯಿ ಕ್ಷಣಕಾಲ ನೆಟ್ಟಗೆ ನಿಂತು ಹಲಗೆಗೆ ಗೀರುತ್ತದೆ, ಅಷ್ಟು ಹೊತ್ತಿನ ಶ್ರಮ ಅಲ್ಲೇ ಹೋಯಿತು. ಭಾರ ಕತ್ತಿಯದಷ್ಟೇ, ಕೈಯದು ಬೇಡ. ಹೋಗಿ ಬಂದದ್ದನ್ನು ಒಂದು ಸುತ್ತು ಎಂದು ಎಣಿಸಿದರೆ ಕ್ರೋಮಿಯಂ ಆಕ್ಸೈಡಿನಲ್ಲಿ 10ರಿಂದ 15, ವಜ್ರದಲ್ಲಿ 5ರಿಂದ 10 ಸಾಕು. ಹಸಿರಿನ ಮೇಲೆ ಕಪ್ಪು ಗೆರೆ ಮೂಡುವುದು ಸವೆದ ಉಕ್ಕು. ಕೆಲಸ ನಡೆಯುತ್ತಿದೆ ಎಂಬುದಕ್ಕೆ ಸಾಕ್ಷಿ.

ಬೆನ್ನಿಗೆ ಟೇಪು ಸುತ್ತಿ ಕಲ್ಲಿಗೆ ಹಾಕಿದ್ದರೆ ಹಲಗೆಯ ಮೇಲೂ ಅಷ್ಟೇ ಟೇಪು ಇರಲಿ. ಟೇಪು ಬಿಚ್ಚಿದರೆ ಕೋನ ಕಿರಿದಾಗುತ್ತದೆ, ಪೇಸ್ಟ್ ಇಳಿಜಾರಿನ ಹಿಂಭಾಗವನ್ನು ಹೊಳೆಯಿಸುತ್ತದೆ, ತುದಿಗೆ ತಲುಪುವುದೇ ಇಲ್ಲ. ಅಲಗು ಕನ್ನಡಿಯಂತೆ ಮಿಂಚುತ್ತಿದ್ದರೂ ಗಡ್ಡ ಎಳೆಯುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಪೇಸ್ಟ್ ಮುಗಿದ ಮೇಲೆ ಅಲಗನ್ನು ಟಿಶ್ಯೂನಿಂದ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಒರೆಸಿ. ನಂತರ ಲಿನನ್ ಬಟ್ಟೆಯ ಪಟ್ಟಿಯ ಮೇಲೆ 20 ಸುತ್ತು, ಬರಿ ತೊಗಲಿನ ಮೇಲೆ 50. ಒರೆಸದೆ ತೊಗಲಿಗೆ ಹೋದರೆ ದಿನನಿತ್ಯದ ಪಟ್ಟಿಗೂ ಪೇಸ್ಟ್ ಹತ್ತುತ್ತದೆ, ಅದನ್ನು ಪೂರ್ತಿ ತೆಗೆಯುವುದು ಆಗದ ಮಾತು.

ಕ್ಷೌರ ಎಳೆಯತೊಡಗಿದಾಗ ಮತ್ತೆ ಹತ್ತು ಸುತ್ತು ಹಾಕಿ. ಹಾಕಿದರೂ ಹದ ನಿಲ್ಲದಿದ್ದರೆ ತುದಿ ದುಂಡಗಾಗಿದೆ. 8000ದ ಕಲ್ಲಿನಿಂದ ಮತ್ತೆ ಶುರು ಮಾಡಿ. ಹಲಗೆ ಪೂರ್ತಿ ಕಪ್ಪಾದಾಗ ಮೇಲೆ ಮತ್ತಷ್ಟು ಪೇಸ್ಟ್ ಬಳಿಯಬೇಡಿ. ಮರಳು ಕಾಗದದಿಂದ ಉಜ್ಜಿ ಹೊಸ ಮರ ಕಾಣಿಸಿ, ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿಕೊಂಡು. ಆಮೇಲೆ ಮೊದಲಿನಷ್ಟೇ ತೆಳುವಾಗಿ ಹಚ್ಚಿ.