ಮಳೆಗೆ ಮುಂಚಿನ ಮಾಂಬಳ

ಮೇ 10, 2025, ಶನಿವಾರ
ಪುತ್ತೂರು

ಮಾವಿನ ರಸವನ್ನು ಪದರ ಪದರವಾಗಿ ಒಣಗಿಸಿ ಮಾಡುವ ಮಾಂಬಳಕ್ಕೆ ಇವತ್ತು ಇನ್ನೊಂದು ಪದರ ಎಳೆದಾಯಿತು. ಮಧ್ಯಾಹ್ನದವರೆಗೆ ಬಿಸಿಲು ಚೆನ್ನಾಗಿತ್ತು. ಮೂರು ಗಂಟೆಗೆ ಘಟ್ಟದ ಕಡೆ ಮೋಡ ಕಟ್ಟಿತು, ಗುಡುಗೂ ಕೇಳಿತು. ಚಾಪೆಯನ್ನು ಹಾಗೇ ಎತ್ತಿ ಒಳಗೆ ತಂದೆವು. ಮೇ ತಿಂಗಳಲ್ಲಿ ನಮ್ಮ ಕಡೆ ಹೀಗೇ. ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದ ಹೊತ್ತಿಗೆ ಬರುತ್ತದೆ. ಅಷ್ಟರೊಳಗೆ ಒಣಗಬೇಕಾದದ್ದೆಲ್ಲ ಒಣಗಿ ಭರಣಿ ಸೇರಬೇಕು. ಆಮೇಲೆ ಸೆಪ್ಟೆಂಬರ್ ತನಕ ಬಿಸಿಲನ್ನು ನಂಬುವ ಹಾಗಿಲ್ಲ.

ಹಣ್ಣು ಪಕ್ಕದ ಜಾಗದ ಕಾಟುಮಾವಿನ ಮರದ್ದು. ಅಲ್ಲಿ ಮನೆ ಕಟ್ಟಿಸುತ್ತಾರಂತೆ. ಮುಂದಿನ ಬೇಸಿಗೆಗೆ ಮರ ಇರುವುದಿಲ್ಲ. ಕೇಳಿದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಹಣ್ಣು ಸಣ್ಣದು, ಒಳಗೆಲ್ಲ ನಾರು, ದೊಡ್ಡ ಗೊರಟು. ಆದರೆ ಆ ಪರಿಮಳ! ಮೊದಲು ಹುಳಿ, ಹಿಂದೆಯೇ ಸಿಹಿ, ಕೊನೆಗೆ ಸೊನೆಯ ಸಣ್ಣ ಘಾಟು. ಕಾಟುಮಾವು ಯಾರೂ ನೆಡದೆ ಗೊರಟಿನಿಂದ ಎದ್ದ ಮರ, ಒಂದೊಂದಕ್ಕೂ ಒಂದೊಂದು ರುಚಿ. ಇದು ಹೋದರೆ ಇದರ ಬದಲಿಗೆ ಇನ್ನೊಂದನ್ನು ಹುಡುಕಿ ತರಲು ಆಗುವುದಿಲ್ಲ.

ಮಾಡುವ ಕ್ರಮ ಸುಲಭ, ತಾಳ್ಮೆ ಮಾತ್ರ ಜಾಸ್ತಿ ಬೇಕು. ಚೆನ್ನಾಗಿ ಕಳಿತ ಹಣ್ಣನ್ನು ತೊಳೆದು, ಸಿಪ್ಪೆ ತೆಗೆದು, ಕೈಯಲ್ಲೇ ಹಿಂಡಬೇಕು. ರಸವನ್ನು ಜರಡಿಯಲ್ಲಿ ಸೋಸಿದರೆ ನಾರು ಮೇಲೆ ಉಳಿಯುತ್ತದೆ. ಮಿಕ್ಸಿಗೆ ಹಾಕಿದರೆ ನಾರೂ ಅರೆದು ರಸದೊಳಗೆ ಸೇರುತ್ತದೆ, ತಿನ್ನುವಾಗ ನಾಲಗೆಗೆ ಗೊತ್ತಾಗುತ್ತದೆ. ಸೋಸಿದ ರಸವನ್ನು ಕೇದಗೆ ಜಾತಿಯ ಮುಂಡೇವಿನ ಓಲೆಯ ಚಾಪೆಯ ಮೇಲೆ ತೆಳ್ಳಗೆ ಹರಡುವುದು. ಚಾಪೆ ಇಲ್ಲದವರು ತಟ್ಟೆಗೆ ತೆಂಗಿನೆಣ್ಣೆ ಸವರಿಕೊಳ್ಳಬಹುದು. ಒಂದು ಪದರ ಒಣಗಿದ ಮೇಲೆ ಅದರ ಮೇಲೆ ಇನ್ನೊಂದು.

ದಪ್ಪಗೆ ಹರಡಿ ಒಂದೇ ಸಲಕ್ಕೆ ಮುಗಿಸೋಣ ಅನ್ನಿಸುತ್ತದೆ, ಅಲ್ವಾ? ಬೇಡ. ಮೇಲೆ ಬೇಗ ಪೊರೆ ಕಟ್ಟುತ್ತದೆ, ಒಳಗಿನ ನೀರು ಹೊರಗೆ ಬರಲು ದಾರಿ ಇರುವುದಿಲ್ಲ. ಅಲ್ಲೇ ಹುಳಿತು ಬೂಸ್ಟು ಬರುತ್ತದೆ. ಮಾಂಬಳ ತಿಂಗಳುಗಟ್ಟಲೆ ಕೆಡದೆ ಇರುವುದೇ ನೀರು ಪೂರ್ತಿ ಆರಿ, ಹಣ್ಣಿನ ಹುಳಿಯೂ ಸಿಹಿಯೂ ಗಟ್ಟಿಯಾಗಿ ಉಳಿಯುವುದರಿಂದ.

ನೊಣ ಕೂರದ ಹಾಗೆ ಮೇಲೊಂದು ತೆಳು ಬಟ್ಟೆ. ಇರುವೆ ಹತ್ತದ ಹಾಗೆ ಮೇಜಿನ ಕಾಲುಗಳ ಕೆಳಗೆ ನೀರಿನ ಬಟ್ಟಲು.

ಸಕ್ಕರೆ ಹಾಕುವುದಿಲ್ಲವೇ ಎಂದು ತುಂಬ ಜನ ಕೇಳುತ್ತಾರೆ. ಆಂಧ್ರದ ಮಾಮಿಡಿ ತಾಂಡ್ರಕ್ಕೆ ಸಕ್ಕರೆಯನ್ನೋ ಬೆಲ್ಲವನ್ನೋ ಹಾಕುತ್ತಾರೆ. ಅದು ಮಿಠಾಯಿ, ಅದಕ್ಕೆ ಅದು ಸರಿ. ನಮ್ಮ ಮನೆಯಲ್ಲಿ ಮಾಂಬಳ ಅಡುಗೆಗೂ ಬೇಕು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಒಂದು ತುಂಡು ನೆನೆಸಿ, ತೆಂಗಿನಕಾಯಿ, ಹಸಿಮೆಣಸು ಸೇರಿಸಿ ಅರೆದರೆ ಚಟ್ನಿ. ಬೆಲ್ಲ ಹಾಕಿ ಕುದಿಸಿ ಒಗ್ಗರಣೆ ಕೊಟ್ಟರೆ ಗೊಜ್ಜು. ಸಕ್ಕರೆ ಹಾಕಿಟ್ಟರೆ ಈ ಹುಳಿ ಎಲ್ಲಿ ಸಿಗಬೇಕು? ಚೆನ್ನಾಗಿ ಒಣಗಿದ್ದು ಚಳಿಗಾಲಕ್ಕೂ ಉಳಿಯುತ್ತದೆ. ಆಗ ಅದರ ಬಣ್ಣ ಕಪ್ಪಗಾಗಿರುತ್ತದೆ, ಚರ್ಮದ ಹಾಗೆ ಬಗ್ಗುತ್ತದೆ. ಡಿಸೆಂಬರಿನಲ್ಲಿ ಸುಮ್ನೆ ಒಂದು ಚೂರು ಬಾಯಿಗೆ ಹಾಕಿಕೊಳ್ಳಲು ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಹಿಂದೆ ಸುರುಳಿ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು, ಹೊಗೆ ತಾಗಿ ತೇವ ಹಿಡಿಯುತ್ತಿರಲಿಲ್ಲ. ಈಗ ಗ್ಯಾಸ್ ಒಲೆ, ಆದ್ದರಿಂದ ಬಿಗಿ ಮುಚ್ಚಳದ ಡಬ್ಬಿ.

ಹಲಸಿನ ಕೆಲಸವೂ ಜೊತೆಗೇ ನಡೆದಿದೆ. ಬೆಳೆದ ಕಾಯಿಯ ಸೊಳೆಯನ್ನು ಉಪ್ಪಿನ ಜೊತೆ ಭರಣಿಗೆ ತುಂಬಿ, ಮೇಲೆ ಕಲ್ಲು ಹೇರಿ ಇಟ್ಟಾಗಿದೆ. ಮಳೆಗಾಲದಲ್ಲಿ ಪಲ್ಯಕ್ಕೂ ಎಣ್ಣೆಯಲ್ಲಿ ಕರಿಯುವ ಉಂಡ್ಲಕಾಳಿಗೂ ಆಯಿತು.

ಮಾವಿನ ಗೊರಟುಗಳನ್ನು ಈ ಸಲ ಬಿಸಾಡಿಲ್ಲ. ಒಣಗಲು ಬಿಟ್ಟರೆ ಅವು ಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತವೆ. ಹಾಗಾಗಿ ಸಂಜೆಯೇ ಮಣ್ಣು ತುಂಬಿದ ಚೀಲಗಳಿಗೆ ಊರಿದೆವು. ಗೊರಟಿನ ಸಸಿ ತಾಯಿಮರದ ಹಾಗೇ ಬರುತ್ತದೆ ಎನ್ನುವ ಭರವಸೆ ಇಲ್ಲ, ಕಸಿ ಕಟ್ಟಲೇಬೇಕು. ಎಳೆಯ ಸಸಿಗೆ ತಾಯಿಮರದ ಕಡ್ಡಿ ಕಟ್ಟುವ ಗೊರಟೆ ಕಸಿಗೆ ಜೂನ್, ಜುಲೈ ತಿಂಗಳ ತೇವದ ಹವೆ ಒಳ್ಳೆಯದು. ಮರದ ಯಜಮಾನರ ಹತ್ತಿರ ಮಾತಾಡಿದ್ದೇನೆ. ಕಡಿಯುವ ಮೊದಲು ಬೇಕಾದಷ್ಟು ಕಡ್ಡಿ ತೆಗೆದುಕೊಳ್ಳಿ ಅಂದರು. ಕಸಿ ಕಟ್ಟಲು ಬರುವವರಿಗೂ ಹೇಳಿಟ್ಟಿದ್ದೇನೆ. ಸಸಿ ಬೇಕಾದ ಆಸುಪಾಸಿನವರು ಈಗಲೇ ತಿಳಿಸಿ, ಇನ್ನಷ್ಟು ಗೊರಟು ಊರುತ್ತೇನೆ.